ಪದಚರ್ಚೆ: ಥ್ರೂಪುಟ್‌ಗೆ ‘ವೇಗ’ ಎಂದರೆ ಸಾಕೇ?

ಪ್ರಶ್ನೆ: 120 ಶಾಖೆಗಳನ್ನು ಎರಡು ದತ್ತಾಂಶ ಕೇಂದ್ರಗಳಿಗೆ ಜೋಡಿಸುವ ವಿಪಿಎನ್ (ಸಾರ್ವಜನಿಕ ಜಾಲದ ಮೇಲೆ ಕಟ್ಟುವ ಖಾಸಗಿ ಜಾಲ) ಉಪಕರಣಗಳಿಗೆ ಕನ್ನಡದಲ್ಲಿ ಟೆಂಡರ್ ವಿವರಣೆ ಬೇಕು. ಕರಡಿನಲ್ಲಿ ಬ್ಯಾಂಡ್‌ವಿಡ್ತ್, ಥ್ರೂಪುಟ್ ಎರಡಕ್ಕೂ ‘ವೇಗ’ ಎಂದಿದೆ, ಟನಲ್ (ಎರಡು ಉಪಕರಣಗಳ ನಡುವಿನ ಗೂಢಲಿಪಿ ಸಂಪರ್ಕ) ‘ಸುರಂಗ’ವಾಗಿದೆ. ಹಬ್ (ನಡುವಿನ ಕೇಂದ್ರ), ಸ್ಪೋಕ್‌ಗೆ (ಅದಕ್ಕೆ ಜೋಡಿಸಿದ ಶಾಖೆ) ಏನನ್ನೋಣ?

ಉತ್ತರ: ‘ವೇಗ’ವನ್ನು ಮೊದಲು ತೆಗೆಯಿರಿ. ಬ್ಯಾಂಡ್‌ವಿಡ್ತ್ ಕಾಲುವೆಯ ಅಗಲ, ಥ್ರೂಪುಟ್ ತೂಬಿನಲ್ಲಿ ನಿಜಕ್ಕೂ ಹಾಯುವ ನೀರು. ಥ್ರೂಪುಟ್‌ಗೆ ‘ಸಾಗಣೆ ಸಾಮರ್ಥ್ಯ’ ಒಪ್ಪುತ್ತದೆ. ‘ಸಾಗುವಳಿ’ ಬೇಡ, ಅದು ಹೊಲದ ಮಾತು. ಆದರೆ ಬರೀ ಸಾಗಣೆ ಸಾಮರ್ಥ್ಯ ಎಂದರೆ ಮಾರುವವರು ಎನ್‌ಕ್ರಿಪ್ಷನ್ (ಗೂಢಲಿಪಿ) ಇಲ್ಲದೆ ಅಳೆದ ಫೈರ್‌ವಾಲ್‌ನ ದೊಡ್ಡ ಅಂಕಿ ತೋರಿಸುತ್ತಾರೆ. ‘ಐಪಿಸೆಕ್ (ವಿಪಿಎನ್‌ನ ಗೂಢಲಿಪಿ ವಿಧಾನ) ಎನ್‌ಕ್ರಿಪ್ಷನ್ ಸಹಿತ’ ಎಂದೂ, ಯಾವ ಗಾತ್ರದ ಪ್ಯಾಕೆಟ್‌ಗೆ (ದತ್ತಾಂಶದ ತುಣುಕಿಗೆ) ಎಂದೂ ಸೇರಿಸಿ. 1400 ಬೈಟ್ ಪ್ಯಾಕೆಟ್‌ಗಳಲ್ಲಿ 1 ಜಿಬಿಪಿಎಸ್ (1000 ಎಂಬಿಪಿಎಸ್, ಸೆಕೆಂಡಿಗೆ ನೂರು ಕೋಟಿ ಬಿಟ್) ಅಂದರೆ ಸೆಕೆಂಡಿಗೆ ಸುಮಾರು 89,000 ಪ್ಯಾಕೆಟ್. ಪೆಟ್ಟಿಗೆಯ ಮಿತಿ ಅಷ್ಟೇ ಆಗಿದ್ದರೆ, 200 ಬೈಟಿನ ಧ್ವನಿ ಪ್ಯಾಕೆಟ್‌ಗಳಲ್ಲಿ ಅದೇ ಪೆಟ್ಟಿಗೆ ಸುಮಾರು 143 ಎಂಬಿಪಿಎಸ್‌ಗೆ ಇಳಿಯುತ್ತದೆ. ಕೆಲವರು ಹೋಗುವುದು, ಬರುವುದು ಎರಡನ್ನೂ ಕೂಡಿಸಿ ಅಂಕಿ ಕೊಡುತ್ತಾರೆ. ‘ಪ್ರತಿ ದಿಕ್ಕಿಗೆ’ ಎಂಬ ಮಾತೂ ಇರಲಿ.

ಶಾಖೆಗೆ ತಲಾ 20 ಎಂಬಿಪಿಎಸ್ ಎಂದುಕೊಂಡರೆ ಒಟ್ಟು 2.4 ಜಿಬಿಪಿಎಸ್. ಇದನ್ನು ಎರಡು ಕೇಂದ್ರಗಳಿಗೆ ಅರ್ಧರ್ಧ ಹಂಚಿ ಬರೆಯುವುದೇ ಹೆಚ್ಚಿನ ಕರಡುಗಳ ತಪ್ಪು. ಒಂದು ಕೇಂದ್ರ ನಿಂತ ದಿನ ಇನ್ನೊಂದೇ ಪೂರ್ತಿ ಹೊರಬೇಕು.

ಟನಲ್ ಟನಲ್ ಆಗಿಯೇ ಇರಲಿ. ‘ಟನಲ್ ಡೌನ್ ಆಗಿದೆ’ ಎಂದರೆ ಎಂಜಿನಿಯರ್ ಲಾಗ್ ನೋಡುತ್ತಾನೆ. ‘ಸುರಂಗ ಕುಸಿದಿದೆ’ ಎಂದರೆ ಮಣ್ಣು ತೆಗೆಯಲು ಜನ ಬರಬೇಕು.

ಹಬ್, ಸ್ಪೋಕ್‌ಗೆ ಗಾಲಿಯ ‘ಗುಂಬ’, ‘ಅರೆಕಾಲು’ ಚೆಂದವೇ. ಆದರೆ ಗಾಲಿಗೆ ಗುಂಬ ಒಂದೇ, ಇಲ್ಲಿ ಎರಡು. ‘ಕೇಂದ್ರ ಉಪಕರಣ’, ‘ಶಾಖಾ ಉಪಕರಣ’ ಎನ್ನಿ. ಪ್ರತಿ ಶಾಖೆಯಿಂದ ಎರಡರಂತೆ 240 ಟನಲ್ ಸಾಕು. ಶಾಖೆಗಳನ್ನೆಲ್ಲ ಪರಸ್ಪರ ಜೋಡಿಸಹೊರಟರೆ 7,140 ಆಗುತ್ತದೆ. ದತ್ತಾಂಶ ಕೇಂದ್ರಗಳನ್ನು (ಡೇಟಾ ಸೆಂಟರ್) ‘ಡಿಸಿ’ ಎಂದು ಮೊಟಕು ಮಾಡಬೇಡಿ, ಕಡತ ಜಿಲ್ಲಾಧಿಕಾರಿ ಕಚೇರಿಗೆ ಹೋದೀತು.

ಫೇಲ್‌ಓವರ್‌ಗೆ (ಒಂದು ಕೆಟ್ಟರೆ ಇನ್ನೊಂದು ತಾನಾಗಿ ಕೆಲಸ ವಹಿಸಿಕೊಳ್ಳುವುದು) ‘ಬದಲಿ ವ್ಯವಸ್ಥೆ’ ಸಾಲದು. ಗೋದಾಮಿನಲ್ಲಿಟ್ಟ ಪೆಟ್ಟಿಗೆಯೂ ಬದಲಿಯೇ. ‘ಎರಡೂ ಟನಲ್ ಸದಾ ಚಾಲ್ತಿಯಲ್ಲಿದ್ದು, ಒಂದು ಕಡಿದರೆ ಇಂತಿಷ್ಟು ಸೆಕೆಂಡಿನಲ್ಲಿ ತಾನಾಗಿ ಇನ್ನೊಂದಕ್ಕೆ ಹೊರಳಬೇಕು’ ಎಂದು ಬಿಡಿಸಿ ಬರೆಯಿರಿ. ಎರಡನೆಯ ಟನಲ್ ಆಗಷ್ಟೇ ಕಟ್ಟಬೇಕಾದರೆ, 120 ಶಾಖೆಗಳೂ ಒಮ್ಮೆಲೇ ಗೂಢಲಿಪಿಯ ಕೀಲಿ ವಿನಿಮಯಕ್ಕೆ ಮುಗಿಬಿದ್ದು ಕೇಂದ್ರದ ಪ್ರೊಸೆಸರ್ ಉಸಿರುಗಟ್ಟುತ್ತದೆ.

ಓವರ್‌ಹೆಡ್‌ಗೆ (ಪ್ರತಿ ಪ್ಯಾಕೆಟ್‌ಗೆ ಟನಲ್ ಸೇರಿಸುವ ಹೆಚ್ಚುವರಿ ಬೈಟ್) ‘ಮೇಲ್ವೆಚ್ಚ’ ಎಂದಿದ್ದರೆ ಹೊಡೆದುಹಾಕಿ, ಲೆಕ್ಕಪತ್ರ ವಿಭಾಗ ಹಣ ಕೇಳುತ್ತದೆ. ‘ಹೊದಿಕೆ ಭಾರ’ ಎನ್ನಬಹುದು. ಜಿಆರ್‌ಇ (ಪ್ಯಾಕೆಟ್‌ಗೆ ಹೊರಪದರ ಹಾಕುವ ವಿಧಾನ) ಮೇಲೆ ಐಪಿಸೆಕ್ ಹೊದಿಸಿದಾಗ ಎಂಟಿಯು (ಪ್ಯಾಕೆಟ್‌ನ ಗರಿಷ್ಠ ಗಾತ್ರ) 1400 ಬೈಟ್, ಟಿಸಿಪಿ ಎಂಎಸ್‌ಎಸ್ (ಅದರೊಳಗಿನ ದತ್ತಾಂಶದ ಗರಿಷ್ಠ ಗಾತ್ರ) 1360 ಬೈಟ್ ಇಡುವುದು ರೂಢಿ. ಇದು ತಪ್ಪಿದರೆ ಪಿಂಗ್ (ಸಂಪರ್ಕ ಪರೀಕ್ಷಿಸುವ ಪುಟ್ಟ ಪ್ಯಾಕೆಟ್) ಸಲೀಸಾಗಿ ಹೋಗುತ್ತದೆ, ದೊಡ್ಡ ಪುಟ ಮಾತ್ರ ಅರ್ಧಕ್ಕೇ ನಿಲ್ಲುತ್ತದೆ.