ಗಂಟಲು ನೋವು ವಾಸಿಯಾದ ಮೇಲೆ ಮಗ ಒಮ್ಮೆಲೇ ಬದಲಾಗಿದ್ದಾನೆ, ಇದು ಪ್ಯಾಂಡಾಸ್ ಇರಬಹುದಾ?

ನಿದ್ದೆಗೆಟ್ಟ ಅಮ್ಮ:
ಮಗನಿಗೆ 7 ವರ್ಷ. ಕಳೆದ ತಿಂಗಳು ಜ್ವರ, ಗಂಟಲು ನೋವು ಬಂದಿತ್ತು, ವಾಸಿಯೂ ಆಯ್ತು. ಆಮೇಲೆ ಸ್ವಲ್ಪ ದಿನಕ್ಕೇ ಹುಡುಗ ಬೇರೆಯೇ ಆಗಿಬಿಟ್ಟ. ಚಿಲಕ ಮುಟ್ಟಿದರೆ ಕೈ ತೊಳೆಯಬೇಕು, ತೊಳೆದು ನಲ್ಲಿ ನಿಲ್ಲಿಸಿದರೆ ನಲ್ಲಿ ಮುಟ್ಟಿದ್ದಕ್ಕೆ ಮತ್ತೆ ತೊಳೆಯಬೇಕು. ಬೆರಳ ಗೆಣ್ಣುಗಳು ಒಡೆದು ರಕ್ತ ಬರುತ್ತಿದೆ. ರಾತ್ರಿ ಒಬ್ಬನೇ ಮಲಗುವುದಿಲ್ಲ, ಪದೇ ಪದೇ ಮೂತ್ರಕ್ಕೆ ಏಳುತ್ತಾನೆ, ಕಣ್ಣು ಪಟಪಟ ಮಿಟುಕಿಸುತ್ತಾನೆ. ತೋರಿಸಿದ ಡಾಕ್ಟರ್ "ಮುದ್ದು ಜಾಸ್ತಿ ಆಗಿದೆ, ಹಟ ಅಷ್ಟೇ" ಅಂದರು. ನೆಟ್ಟಲ್ಲಿ ಓದಿ ಎಎಸ್‌ಒ ಟೆಸ್ಟ್ (ಗಂಟಲ ಸ್ಟ್ರೆಪ್ ಬ್ಯಾಕ್ಟೀರಿಯಾ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯ ಅಳೆಯುವ ರಕ್ತಪರೀಕ್ಷೆ) ಮಾಡಿಸಿದೆವು, ಜಾಸ್ತಿ ಬಂದಿದೆ. ಇಷ್ಟಿದ್ದರೆ ಪ್ಯಾಂಡಾಸ್, ಅಂದರೆ ಸ್ಟ್ರೆಪ್ ಗಂಟಲ ಸೋಂಕಿನ ಬೆನ್ನಲ್ಲೇ ಮಕ್ಕಳ ನಡವಳಿಕೆ ದಿಢೀರ್ ಕೆಡುವ ಕಾಯಿಲೆ, ಅಂತ ಹೇಳಬಹುದಾ? ಗಂಟಲ ಸೋಂಕಿಗೂ ತಲೆಗೂ ಏನು ಸಂಬಂಧ? ಸುಮ್ನೆ ಇಲ್ಲದ್ದನ್ನೆಲ್ಲ ಕಲ್ಪಿಸಿಕೊಳ್ಳುತ್ತಿದ್ದೀನಾ ಅನ್ನಿಸುತ್ತಿದೆ.

ಮಕ್ಕಳ ವಾರ್ಡಿನವ:
ಕಲ್ಪನೆಯಲ್ಲ, ಮೇಡಂ. ಮಗುವನ್ನು ನೋಡದೆ ಇದೇ ಕಾಯಿಲೆ ಅಂತ ಹೇಳಲಾರೆ, ಆದರೆ ಇಷ್ಟು ದಿಢೀರನೆ ಶುರುವಾದದ್ದನ್ನು ಹಟ ಅಂತ ತಳ್ಳಿಹಾಕುವುದು ಸರಿಯಲ್ಲ.

ಗಂಟಲಿಗೂ ಮೆದುಳಿಗೂ ಸಂಬಂಧ ಇದೆ ಅನ್ನುವುದಕ್ಕೆ ಎಲ್ಲರೂ ಒಪ್ಪುವ ಹಳೆಯ ಉದಾಹರಣೆ ಸಿಡೆನ್‌ಹ್ಯಾಮ್ ಕೊರಿಯಾ. 1686ರಲ್ಲೇ ಥಾಮಸ್ ಸಿಡೆನ್‌ಹ್ಯಾಮ್ ಇದನ್ನು ವಿವರಿಸಿದ್ದರು. ಗ್ರೂಪ್ ಎ ಸ್ಟ್ರೆಪ್ಟೋಕಾಕಸ್ ಅನ್ನುವ ಬ್ಯಾಕ್ಟೀರಿಯಾ ಗಂಟಲಿಗೆ ಬಂದು ಹೋದ ಎಷ್ಟೋ ವಾರದ ಮೇಲೆ ಮಗುವಿನ ಕೈಕಾಲು ತಾನಾಗಿ ಆಡೋಕೆ ಶುರುವಾಗುತ್ತದೆ, ಜೊತೆಗೆ ಅಳು, ಸಿಟ್ಟು, ಗೀಳು (ಒಂದೇ ಯೋಚನೆ, ಒಂದೇ ಕೆಲಸ ತಡೆಯಲಾಗದೆ ಮತ್ತೆ ಮತ್ತೆ). ಬ್ಯಾಕ್ಟೀರಿಯಾ ಮೆದುಳಿಗೆ ಹೋಗುವುದಿಲ್ಲ. ಅದರ ಮೈಮೇಲಿನ ಕೆಲವು ಅಂಶಗಳು ನಮ್ಮ ದೇಹದ ಅಂಶಗಳನ್ನೇ ಹೋಲುವುದರಿಂದ, ಅದರ ವಿರುದ್ಧ ತಯಾರಾದ ಪ್ರತಿಕಾಯಗಳು ಗುರುತು ತಪ್ಪಿ ಬೇಸಲ್ ಗ್ಯಾಂಗ್ಲಿಯಾ ಅನ್ನುವ ಮೆದುಳಿನ ಭಾಗದ ಮೇಲೆ ಬೀಳುತ್ತವೆ ಅನ್ನುವುದು ಈಗಿನ ವಿವರಣೆ. ಚಲನೆಯನ್ನೂ ಅಭ್ಯಾಸಗಳನ್ನೂ ಹಿಡಿತದಲ್ಲಿಡುವ ಜಾಗ ಅದು.

ಇದೇ ಎಳೆ ಹಿಡಿದು ಅಮೆರಿಕದ ಸೂಸನ್ ಸ್ವೀಡೋ ಮತ್ತು ಜೊತೆಗಾರರು 1998ರಲ್ಲಿ 50 ಮಕ್ಕಳ ವಿವರ ಪ್ರಕಟಿಸಿದರು. ಪ್ಯಾಂಡಾಸ್ ಹೆಸರು ಎಲ್ಲರ ಬಾಯಿಗೆ ಬಂದದ್ದು ಅಲ್ಲಿಂದ. 3 ವರ್ಷದಿಂದ ಹರೆಯದೊಳಗಿನ ಮಕ್ಕಳು, ಗೀಳು ಅಥವಾ ಟಿಕ್ಸ್ (ಕಣ್ಣು ಮಿಟುಕಿಸುವಂಥ, ತಾನಾಗಿ ಮತ್ತೆ ಮತ್ತೆ ಬರುವ ಚಲನೆ), ದಿಢೀರ್ ಶುರು, ಸ್ಟ್ರೆಪ್ ಸೋಂಕಿನ ಜೊತೆ ಕಾಲದ ನಂಟು. 2012ರಲ್ಲಿ ಪ್ಯಾನ್ಸ್ ಅಂತ ಇನ್ನೊಂದು ಹೆಸರು ಬಂತು. ಅದರಲ್ಲಿ ಸೋಂಕು ಇರಲೇಬೇಕು ಅಂತಿಲ್ಲ. ದಿಢೀರನೆ ಗೀಳು ಅಥವಾ ಊಟ ಬಿಡುವುದು, ಜೊತೆಗೆ ಆತಂಕ, ಸಿಡುಕು, ನಿದ್ದೆ ಅಥವಾ ಮೂತ್ರದ ತೊಂದರೆ, ಓದಿನಲ್ಲಿ ಹಿಂದೆ ಬೀಳುವುದು, ಇಂಥವು ಕನಿಷ್ಠ ಎರಡು ಇರಬೇಕು. ನೀವು ಬರೆದದ್ದು ಇದಕ್ಕೆ ಹತ್ತಿರ ಇದೆ.

ಆದರೆ ಎಎಸ್‌ಒ ಒಂದನ್ನೇ ನಂಬಬೇಡಿ. ಸ್ಕೂಲಿಗೆ ಹೋಗುವ ವಯಸ್ಸಿನ ಆರೋಗ್ಯವಂತ ಮಕ್ಕಳಲ್ಲೂ ಅದು ಜಾಸ್ತಿ ಇರುವುದುಂಟು. ಸೋಂಕಾದ 3 ರಿಂದ 6 ವಾರಕ್ಕೆ ತುದಿ ಮುಟ್ಟಿ, ತಿಂಗಳುಗಟ್ಟಲೆ ಇಳಿಯದೆ ಇರಬಹುದು. ಒಂದೇ ರಿಪೋರ್ಟ್ "ಯಾವತ್ತೋ ಸ್ಟ್ರೆಪ್ ಬಂದಿತ್ತು" ಅಂತ ಮಾತ್ರ ಹೇಳುತ್ತದೆ. ಕೆಲವು ವಾರ ಬಿಟ್ಟು ಮತ್ತೆ ನೋಡಿದಾಗ ಏರಿದೆಯಾ ಅನ್ನುವುದು ಮುಖ್ಯ.

ಮಕ್ಕಳ ನರರೋಗ ತಜ್ಞರಿಗೆ ತೋರಿಸಿ. ಅವರು ಮಗುವಿಗೆ ತಮ್ಮ ಎರಡು ಬೆರಳು ಕೊಟ್ಟು ಗಟ್ಟಿಯಾಗಿ ಹಿಡಿದುಕೊಂಡೇ ಇರು ಅನ್ನುತ್ತಾರೆ. ಕೊರಿಯಾ ಇದ್ದರೆ ಹಿಡಿತ ಒಂದೇ ಸಮ ಇರುವುದಿಲ್ಲ, ಹಾಲು ಕರೆದ ಹಾಗೆ ಬಿಗಿಯಾಗಿ ಸಡಿಲಾಗಿ ಆಗುತ್ತದೆ. ಚಾಚಿದ ನಾಲಿಗೆಯೂ ಹೊರಗೆ ನಿಲ್ಲದೆ ಒಳಗೆ ಓಡುತ್ತದೆ. ಹಾಗೆ ಕಂಡರೆ ಅದು ರುಮ್ಯಾಟಿಕ್ ಜ್ವರದ ಲೆಕ್ಕ, ಅಂದರೆ ಸ್ಟ್ರೆಪ್ ಸೋಂಕಿನ ನಂತರ ಬಂದು ಹೃದಯಕ್ಕೂ ಪೆಟ್ಟು ಕೊಡಬಲ್ಲ ಕಾಯಿಲೆ. ಹೃದಯದ ಎಕೋ ಮಾಡಿಸಲೇಬೇಕು, ಪೆನಿಸಿಲಿನ್ ವರ್ಷಗಟ್ಟಲೆ ಬೇಕಾಗುತ್ತದೆ.

ಇನ್ನೊಂದು ಮಾತು. ಫಿಟ್ಸ್, ಮಂಪರು, ಮಾತು ನಿಲ್ಲುವುದು, ಬಾಯಿ ಅಥವಾ ಮುಖ ತಿರುಚುವುದು, ಇವುಗಳಲ್ಲಿ ಏನೇ ಕಂಡರೂ ಅಪಾಯಿಂಟ್‌ಮೆಂಟ್ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ. ಅದು ಆಟೋಇಮ್ಯೂನ್ ಎನ್ಸೆಫಲೈಟಿಸ್, ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಮೆದುಳಿನ ಮೇಲೆ ಬಿದ್ದು ಆಗುವ ಉರಿಯೂತ, ಇರಬಹುದು. 2007ರಲ್ಲಿ ಜೋಸೆಪ್ ದಾಲ್ಮೌ ತಂಡ ಎನ್‌ಎಂಡಿಎ ರಿಸೆಪ್ಟರ್ (ಮೆದುಳಿನ ನರಕೋಶಗಳು ಸಂಕೇತ ಪಡೆಯುವ ಒಂದು ಜಾಗ) ವಿರುದ್ಧದ ಪ್ರತಿಕಾಯ ಗುರುತಿಸಿದ ಮೇಲೆ, ಬರೀ ಮಾನಸಿಕ ಕಾಯಿಲೆ ಅಂದುಕೊಂಡಿದ್ದ ಎಷ್ಟೋ ರೋಗಿಗಳಿಗೆ ಸರಿಯಾದ ಚಿಕಿತ್ಸೆ ಸಿಕ್ಕಿತು.

ಲೆಕ್ಕ ಕೇಳುವವಳು:
ಮೇಲಿನ ಡಾಕ್ಟರ್ ಹೇಳಿದ್ದಕ್ಕೆ ಸ್ವಲ್ಪ ತಣ್ಣೀರು ಹಾಕುತ್ತೇನೆ. ಡೆನ್ಮಾರ್ಕಿನಲ್ಲಿ 10 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿದ ಅಧ್ಯಯನ 2017ರಲ್ಲಿ ಬಂತು. ಸ್ಟ್ರೆಪ್ ಪಾಸಿಟಿವ್ ಬಂದವರಲ್ಲಿ ಗೀಳು, ಟಿಕ್ಸ್ ಜಾಸ್ತಿ, ನಿಜ. ಆದರೆ ಸ್ಟ್ರೆಪ್ ಅಲ್ಲದ ಗಂಟಲ ಸೋಂಕಿನಲ್ಲೂ ಅಪಾಯ ಸ್ವಲ್ಪ ಜಾಸ್ತಿಯೇ ಇತ್ತು. ಅಂದರೆ ಸ್ಟ್ರೆಪ್ ಒಂದನ್ನೇ ಬೈದು ಪ್ರಯೋಜನವಿಲ್ಲ. ಯುರೋಪಿನಲ್ಲಿ ಟಿಕ್ಸ್ ಇರುವ 700ಕ್ಕೂ ಹೆಚ್ಚು ಮಕ್ಕಳನ್ನು ಹಿಂಬಾಲಿಸಿ ನೋಡಿದಾಗ ಸ್ಟ್ರೆಪ್ ಬಂದದ್ದಕ್ಕೂ ಟಿಕ್ಸ್ ಹೆಚ್ಚಾದದ್ದಕ್ಕೂ ನಂಟು ಕಾಣಲಿಲ್ಲ. ಈ ವಯಸ್ಸಿನ ಮಕ್ಕಳಿಗೆ ಗಂಟಲು ನೋವು ಬರುತ್ತಲೇ ಇರುತ್ತದೆ, ಟಿಕ್ಸ್ ಶುರುವಾಗುವ ವಯಸ್ಸೂ ಅದೇ. ಎರಡೂ ಒಟ್ಟಿಗೆ ಬಿದ್ದರೆ ಒಂದರಿಂದ ಇನ್ನೊಂದು ಅಂತಲೇ ಅನ್ನಿಸುತ್ತದೆ ಅಲ್ವಾ?

ಐವಿಐಜಿ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳನ್ನು ರಕ್ತನಾಳಕ್ಕೆ ಕೊಡುವ ಮದ್ದು) ಕೊಡಿಸಿ ಅಂತ ಯಾರಾದರೂ ಬರೆದೇ ಬರೆಯುತ್ತಾರೆ. 1999ರ ಸಣ್ಣ ಪ್ರಯೋಗದಲ್ಲಿ ಒಳ್ಳೆ ಫಲಿತಾಂಶ ಬಂದಿತ್ತು. 2016ರಲ್ಲಿ 35 ಮಕ್ಕಳ ಮೇಲೆ ಸರಿಯಾಗಿ ಹೋಲಿಸಿ ನೋಡಿದಾಗ ಸುಳ್ಳುಮದ್ದಿಗಿಂತ (ಪ್ಲಸೀಬೊ, ಮದ್ದಿನಂತೆ ಕಾಣುವ ಆದರೆ ಮದ್ದಿಲ್ಲದ ವಸ್ತು) ಗಣನೀಯ ವ್ಯತ್ಯಾಸ ಕಾಣಲಿಲ್ಲ. ದುಬಾರಿ ಮದ್ದು, ತಲೆನೋವು ವಾಂತಿ ಬೇರೆ.

ಗೀಳಿನ ಹುಡುಗಿಯ ಅಮ್ಮ:
ಅಕ್ಕ, ನಮ್ಮ ಮಗಳಿಗೂ ಹೀಗೇ ಆಗಿತ್ತು. ಒಂದು ಕೆಲಸ ಮಾಡಿ, ಅವನ ನೋಟ್‌ಬುಕ್ ತೆಗೆದು ನೋಡಿ. ನಮ್ಮವಳ ಅಕ್ಷರ ಜ್ವರಕ್ಕೆ ಮುಂಚೆ ಗೆರೆ ಮೇಲೆ ಕೂತಿತ್ತು. ಆಮೇಲಿನ ಪುಟಗಳಲ್ಲಿ ಗೆರೆ ಬಿಟ್ಟು ಜಾರಿದೆ, ಒತ್ತಕ್ಷರಗಳು ಎಲ್ಲೆಲ್ಲೋ ಬಿದ್ದಿವೆ, ಒಂದೇ ಪದವನ್ನು ಹಾಳೆ ತೂತಾಗುವಷ್ಟು ಅಳಿಸಿ ಬರೆದಿದ್ದಾಳೆ. ನನ್ನ ಮಾತಿಗೆ ತಲೆ ಎತ್ತದ ಡಾಕ್ಟರ್ ಆ ಪುಟಗಳನ್ನು ತಿರುವಿ ತಿರುವಿ ನೋಡಿದರು. ಕೈ ತೊಳೆಯುವುದನ್ನು, ಕಣ್ಣು ಮಿಟುಕಿಸುವುದನ್ನು ವಿಡಿಯೋ ಮಾಡಿಟ್ಟುಕೊಳ್ಳಿ, ಡಾಕ್ಟರ್ ಎದುರಿಗೆ ಮಕ್ಕಳು ಗಪ್‌ಚಿಪ್ ಕೂತುಬಿಡುತ್ತಾರೆ.

ಕಾರಣ ಗೊತ್ತಾಗಲಿ ಅಂತ ಚಿಕಿತ್ಸೆ ನಿಲ್ಲಿಸಬೇಡಿ. ಗೀಳಿಗೆ ಕೊಡುವ ತರಬೇತಿ, ಅದೇ ಮುಟ್ಟಿ ಕೈ ತೊಳೆಯದೆ ಸ್ವಲ್ಪ ಹೊತ್ತು ತಡೆದುಕೊಳ್ಳೋದು, ಕಾರಣ ಯಾವುದಾದರೂ ಕೆಲಸ ಮಾಡುತ್ತದೆ. ನಮಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಅದೇ. "ಕ್ಲೀನ್ ಆಯ್ತಾ ಅಮ್ಮಾ" ಅಂತ ಅವಳು ಕೇಳಿದಾಗೆಲ್ಲ ನಾನು ಹೂಂ ಅನ್ನುತ್ತಿದ್ದೆ. ಹಾಗೆ ಅಂದಷ್ಟೂ ಗೀಳು ಬೆಳೆಯುತ್ತದಂತೆ, ಅದನ್ನು ಬಿಡೋದು ಅವಳಿಗಿಂತ ನನಗೇ ಕಷ್ಟ ಆಯ್ತು.

ದಾರಿಹೋಕ:
ಇದೆಲ್ಲ ಲಸಿಕೆಯಿಂದ ಅಂತ ಓದಿದ್ದೆ?

ಮಕ್ಕಳ ವಾರ್ಡಿನವ:
ಇಲ್ಲ. ನೀವು ಓದಿದ್ದು ಬಹುಶಃ ಆಟಿಸಂ ಬಗ್ಗೆ ಇರಬೇಕು. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ಗಂಟು ಹಾಕಿದ್ದ 1998ರ ಲೇಖನವನ್ನು ಲ್ಯಾನ್ಸೆಟ್ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿದೆ. ನಿಜ ಅದಕ್ಕೆ ಉಲ್ಟಾ ಇದೆ. ಬಸುರಿಯಲ್ಲಿ ತಾಯಿಗೆ ರುಬೆಲ್ಲಾ ಬಂದಿದ್ದ ಮಕ್ಕಳಲ್ಲಿ ಆಟಿಸಂ ಜಾಸ್ತಿ ಇದ್ದದ್ದನ್ನು ಸ್ಟೆಲ್ಲಾ ಚೆಸ್ 1971ರಲ್ಲೇ ಬರೆದಿದ್ದರು. ಆ ರುಬೆಲ್ಲಾ ತಡೆಯುವುದೇ ಈ ಲಸಿಕೆ.

ನಿದ್ದೆಗೆಟ್ಟ ಅಮ್ಮ:
ಎಲ್ಲರಿಗೂ ಥ್ಯಾಂಕ್ಸ್. ನೋಟ್‌ಬುಕ್ ನೋಡಿದೆ, ಅಕ್ಷರ ಕೆಟ್ಟಿದೆ. ನರರೋಗ ತಜ್ಞರ ಅಪಾಯಿಂಟ್‌ಮೆಂಟ್ ಸಿಕ್ಕಿದೆ. ಅಲ್ಲಿವರೆಗೆ ಆ್ಯಂಟಿಬಯೋಟಿಕ್ ಶುರು ಮಾಡಲಾ? ಮನೆಯಲ್ಲಿ ಉಳಿದದ್ದು ಇದೆ.

ಮಕ್ಕಳ ವಾರ್ಡಿನವ:
ಉಳಿದದ್ದನ್ನು ಕೊಡಲೇಬೇಡಿ. ಕೊಟ್ಟರೆ ಗಂಟಲ ಪರೀಕ್ಷೆಯಲ್ಲಿ ಸ್ಟ್ರೆಪ್ ಇದ್ದರೂ ಕಾಣದೆ ಹೋಗಬಹುದು. ಮೊದಲು ಗಂಟಲಿನ ಸ್ವ್ಯಾಬ್ ತೆಗೆಸಿ. ಪಾಸಿಟಿವ್ ಬಂದರೆ ಪೂರ್ತಿ ಕೋರ್ಸ್ ಅವರೇ ಬರೆದುಕೊಡುತ್ತಾರೆ. ಒಡೆದ ಬೆರಳಿಗೆ ರಾತ್ರಿ ವ್ಯಾಸಲಿನ್ ಹಚ್ಚಿ.