ಅಪ್ಪನ ಆಪರೇಷನ್ ಮುಂದಕ್ಕೆ ಹಾಕಿದರು, ಮೊದಲು ಸ್ಲೀಪ್ ಸ್ಟಡಿ ಆಗಬೇಕಂತೆ. ನಿಜಕ್ಕೂ ಬೇಕಾ?

ಪಾಲಿಬೆಟ್ಟದ ಮಗಳು:
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 58 ವರ್ಷ, ಪಿತ್ತಕೋಶದಲ್ಲಿ ಕಲ್ಲು. ಲ್ಯಾಪ್ರೊಸ್ಕೋಪಿ ಮಾಡಿ ತೆಗೆಯುತ್ತೇವೆ ಅಂತ ಮೈಸೂರಿನಲ್ಲಿ ಡೇಟ್ ಕೊಟ್ಟಿದ್ದರು. ಫಿಟ್‌ನೆಸ್‌ಗೆ ಹೋದಾಗ ಅರಿವಳಿಕೆ ಡಾಕ್ಟರ್ ಬಿಪಿ, ಶುಗರ್, ಇಸಿಜಿ ಎಲ್ಲ ನೋಡಿದರು. ಆಮೇಲೆ ಟೇಪ್ ತೆಗೆದು ಅಪ್ಪನ ಕತ್ತು ಅಳೆದರು. 44 ಸೆಂಟಿಮೀಟರ್. ಗೊರಕೆ ಹೊಡೆಯುತ್ತಾರಾ ಅಂತ ಅಮ್ಮನನ್ನು ಕೇಳಿದರು. ಅಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದರು: ಜೋರು ಗೊರಕೆ, ನಡುವೆ ಉಸಿರೇ ನಿಂತುಹೋಗುತ್ತದೆ, ನಾನು ಎದ್ದು ಕೂತು ಕಾಯುತ್ತೇನೆ, ಆಮೇಲೆ ಗಕ್ ಅಂತ ಒಮ್ಮೆಲೇ ಎಳೆದುಕೊಳ್ಳುತ್ತಾರೆ. ಅಷ್ಟಕ್ಕೇ ಆಪರೇಷನ್ ಮುಂದಕ್ಕೆ ಹಾಕಿ, ಮೊದಲು ಸ್ಲೀಪ್ ಸ್ಟಡಿ, ಅಂದರೆ ರಾತ್ರಿ ನಿದ್ದೆಯಲ್ಲಿ ಉಸಿರಾಟ ಹೇಗಿದೆ ಅಂತ ನೋಡುವ ಟೆಸ್ಟ್, ಮಾಡಿಸಿ ಅಂದುಬಿಟ್ಟರು.

ಕಾಫಿ ಕುಯ್ಲು ಶುರುವಾಗುವ ಮೊದಲು ಮುಗಿಸಬೇಕು ಅಂತ ಅಂದುಕೊಂಡಿದ್ದೆವು. ಈಗ ಅಪ್ಪ, ಗೊರಕೆಗೂ ಪಿತ್ತಕೋಶಕ್ಕೂ ಏನು ಸಂಬಂಧ ಅಂತ ಸಿಟ್ಟಾಗಿದ್ದಾರೆ. ನೆಂಟರು ಬೇರೆ ಆಸ್ಪತ್ರೆಗೆ ಹೋಗಿ ಅನ್ನುತ್ತಿದ್ದಾರೆ. ನನಗೆ ಹೆದರಿಕೆ ಆಗುತ್ತಿದೆ. ಈ ಟೆಸ್ಟ್ ಮಾಡಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ರಿಕವರಿ ಸಿಸ್ಟರ್:
ತಂಗಿ, ನಿಮ್ಮ ಅಮ್ಮ ಹೇಳಿದ್ದು ಕೇಳಿದರೆ ಸಾಕು, ಡಾಕ್ಟರ್ ಯಾಕೆ ತಡೆದರು ಅಂತ ನನಗೆ ಗೊತ್ತಾಗುತ್ತದೆ. ನಾನು ಆಪರೇಷನ್ ಆದವರನ್ನು ನೋಡಿಕೊಳ್ಳುವ ರಿಕವರಿ ವಾರ್ಡ್‌ನಲ್ಲಿ ಕೆಲಸ ಮಾಡಿದವಳು.

ಈ ತೊಂದರೆ ಇದ್ದವರಿಗೆ ನಿದ್ದೆಯಲ್ಲಿ ಗಂಟಲು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. 10 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹೊತ್ತು ಉಸಿರು ನಿಂತರೆ ಅದು ಆಪ್ನಿಯಾ. ಮನೆಯಲ್ಲಿ ಮಲಗಿದಾಗ ಮೆದುಳು ತಾನೇ ಎಬ್ಬಿಸುತ್ತದೆ, ಅಮ್ಮ ಹೇಳಿದ ಆ ಗಕ್ ಅನ್ನುವುದು ಅದೇ. ಆದರೆ ಆಪರೇಷನ್ ಆದ ಮೇಲೆ ಅರಿವಳಿಕೆಯ ಮಂಪರು ಪೂರ್ತಿ ಇಳಿದಿರುವುದಿಲ್ಲ, ಅದರ ಮೇಲೆ ನೋವಿಗೆ ಫೆಂಟನಿಲ್, ಮಾರ್ಫಿನ್ ತರಹದ ಔಷಧಿ ಕೊಟ್ಟಿರುತ್ತಾರೆ, ಆಗ ಎಬ್ಬಿಸಬೇಕಾದ ಮೆದುಳೇ ಮಂಕಾಗಿರುತ್ತದೆ. ಥಿಯೇಟರ್ ಒಳಗೆ ಅಷ್ಟು ಭಯ ಇಲ್ಲ. ಟ್ಯೂಬ್ ಹಾಕಿರುತ್ತಾರೆ, ಡಾಕ್ಟರ್ ತಲೆ ಹತ್ತಿರವೇ ಇರುತ್ತಾರೆ. ವಾರ್ಡಿಗೆ ತಂದ ಮೇಲೆ ಮನೆಯವರು 'ಪಾಪ, ಒಳ್ಳೆ ನಿದ್ದೆ ಬಂದಿದೆ, ಎಬ್ಬಿಸಬೇಡಿ' ಅನ್ನುತ್ತಾರಲ್ಲ, ಭಯ ಇರುವುದು ಆ ಹೊತ್ತಿನಲ್ಲಿ.

ಮೊದಲ ರಾತ್ರಿ ದಾಟಿದರೆ ಮುಗಿಯಿತು ಅಂತಲೂ ಇಲ್ಲ. ಕನಸು ಬೀಳುವ ಹಂತದ ನಿದ್ದೆ ಮೊದಲ ರಾತ್ರಿ ಕಡಿಮೆಯಾಗಿ, ಮುಂದಿನ ಎರಡು ಮೂರು ರಾತ್ರಿಗಳಲ್ಲಿ ಬಾಕಿ ತೀರಿಸುವ ಹಾಗೆ ಜಾಸ್ತಿ ಬರಬಹುದು. ಗಂಟಲು ತುಂಬಾ ಸಡಿಲವಾಗುವುದು ಆ ಹಂತದಲ್ಲೇ. ಆ ಹೊತ್ತಿಗೆ ಎಷ್ಟೋ ಜನ ಡಿಸ್ಚಾರ್ಜ್ ಆಗಿ ಮನೆಗೆ ಬಂದಿರುತ್ತಾರೆ.

ಕತ್ತು ಅಳೆದದ್ದು ಸ್ಟಾಪ್-ಬ್ಯಾಂಗ್ ಅನ್ನುವ ಎಂಟು ಪ್ರಶ್ನೆಗಳಿಗಾಗಿ. ಟೊರಾಂಟೊದ ಫ್ರಾನ್ಸಿಸ್ ಚಂಗ್ ಅವರ ತಂಡ 2008ರಲ್ಲಿ ಪ್ರಕಟಿಸಿದ್ದು. ಗೊರಕೆ, ಹಗಲಿನ ಸುಸ್ತು, ಉಸಿರು ನಿಂತದ್ದನ್ನು ಯಾರಾದರೂ ನೋಡಿದ್ದಾರಾ, ಬಿಪಿ, ತೂಕ, 50 ದಾಟಿದ ವಯಸ್ಸು, 40 ಸೆಂಟಿಮೀಟರ್ ದಾಟಿದ ಕತ್ತು, ಗಂಡಸಾ. ಐದಕ್ಕೆ ಹೌದು ಅಂದರೆ ಅಪಾಯ ಜಾಸ್ತಿ. ನೀವು ಬರೆದದ್ದರಲ್ಲೇ ಐದು ಸಿಕ್ಕಿತು.

ಸೋಮವಾರಪೇಟೆ ತೋಟ:
ನಮ್ಮ ಮಾವನದ್ದೂ ಹೀಗೇ ಗೊರಕೆ. ಹರ್ನಿಯಾ ಆಪರೇಷನ್ ಆಯಿತು, ಯಾರೂ ಕತ್ತು ಅಳೆಯಲಿಲ್ಲ, ಏನೂ ಆಗಲಿಲ್ಲ. ಸುಮ್ನೆ ದುಡ್ಡು ಖರ್ಚು ಅನಿಸುತ್ತದೆ ನನಗೆ. ಇನ್ನೊಬ್ಬ ಡಾಕ್ಟರನ್ನು ಕೇಳಿ ನೋಡಿ.

ರಿಕವರಿ ಸಿಸ್ಟರ್:
ಅಣ್ಣಾ, ಹರ್ನಿಯಾವನ್ನು ಎಷ್ಟೋ ಸಲ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡುತ್ತಾರೆ. ರೋಗಿ ಎಚ್ಚರವಾಗಿಯೇ ಇರಬಹುದು. ಈ ತೊಂದರೆ ಇರುವವರಿಗೆ ಸಾಧ್ಯವಾದಾಗ ಹಾಗೆ ಮಾಡುವುದೇ ವಾಸಿ. ಲ್ಯಾಪ್ರೊಸ್ಕೋಪಿಯಲ್ಲಿ ಹೊಟ್ಟೆಗೆ ಗ್ಯಾಸ್ ತುಂಬಿಸುವುದರಿಂದ ಸಾಮಾನ್ಯವಾಗಿ ಪೂರ್ತಿ ಅರಿವಳಿಕೆಯೇ ಕೊಡುತ್ತಾರೆ. ಎರಡನ್ನೂ ಹೋಲಿಸಬೇಡಿ.

ಇನ್ನೊಬ್ಬ ಡಾಕ್ಟರನ್ನು ಕೇಳುವುದರಲ್ಲಿ ತಪ್ಪೇನಿಲ್ಲ. ಟೆಸ್ಟ್ ಇಲ್ಲದೆ, ಆಪ್ನಿಯಾ ಇದೆ ಅಂತಲೇ ಲೆಕ್ಕ ಹಾಕಿ ಎಚ್ಚರಿಕೆಯಿಂದ ಮಾಡುವವರೂ ಇದ್ದಾರೆ. ಆದರೆ ಅಲ್ಲಿ ಗೊರಕೆ ವಿಷಯ ಮುಚ್ಚಿಡಬೇಡಿ. ಅದು ಮಾತ್ರ ಬೇಡವೇ ಬೇಡ.

ನಾಪೋಕ್ಲು ಅಂಕಲ್:
ಮಗಳೇ, ನನಗೆ ಮಂಡಿ ಆಪರೇಷನ್‌ಗೆ ಮೊದಲು ಇದೇ ಟೆಸ್ಟ್ ಆಯಿತು. ಅಪ್ಪನಿಗೆ ಇದನ್ನು ಓದಿ ಹೇಳು.

ನೋವಿಲ್ಲ, ಸೂಜಿ ಇಲ್ಲ. ರಾತ್ರಿ ಲ್ಯಾಬಿಗೆ ಹೋಗಿ ಮಲಗುವುದು, ಅಷ್ಟೇ. ತಲೆಯಲ್ಲಿ ಕೂದಲು ಬೇರೆ ಮಾಡಿ ಅಂಟು ಪೇಸ್ಟ್ ಹಚ್ಚಿ ವೈರ್ ಕೂರಿಸುತ್ತಾರೆ. ಕಣ್ಣಿನ ಪಕ್ಕ, ಗದ್ದ, ಕಾಲಿಗೂ ಹಾಕುತ್ತಾರೆ. ಎದೆಗೊಂದು, ಹೊಟ್ಟೆಗೊಂದು ಬೆಲ್ಟ್, ಮೂಗಿನ ಕೆಳಗೆ ಸಣ್ಣ ನಳಿಕೆ, ಬೆರಳಿಗೆ ಕೆಂಪು ಲೈಟಿನ ಕ್ಲಿಪ್. ಇಷ್ಟೆಲ್ಲ ಹಾಕಿಕೊಂಡು ಎಲ್ಲಿ ನಿದ್ದೆ ಬರುತ್ತದೆ ಅಂತ ಅನಿಸಿತ್ತು. ಬಂತು. ಬಾತ್‌ರೂಮಿಗೆ ಹೋಗಬೇಕಾದರೆ ಕೂಗಿದರೆ ಸಾಕು, ಒಂದು ಡಬ್ಬಿ ಬಿಚ್ಚಿ ಕೈಗೆ ಕೊಡುತ್ತಾರೆ, ವೈರ್ ಎಲ್ಲ ಅದರ ಜೊತೆಗೇ ಬರುತ್ತದೆ.

ಆ ದಿನ ತಲೆಗೆ ಎಣ್ಣೆ ಹಚ್ಚಬಾರದು, ಪೇಸ್ಟ್ ನಿಲ್ಲುವುದಿಲ್ಲ. ಮಧ್ಯಾಹ್ನದ ಮೇಲೆ ಕಾಫಿ ಬೇಡ, ಹಗಲು ನಿದ್ದೆ ಬೇಡ. ಚಳಿಗೆ ಅಂತ ರಾತ್ರಿ ಪೆಗ್ ಹಾಕುವ ಅಭ್ಯಾಸ ಇದ್ದರೆ ಆಪರೇಷನ್ ಮುಗಿದು ಚೇತರಿಸಿಕೊಳ್ಳುವವರೆಗೆ ಪೂರ್ತಿ ಬಿಡಬೇಕು, ಅದು ಗಂಟಲನ್ನು ಇನ್ನೂ ಸಡಿಲ ಮಾಡುತ್ತದೆ. ದಿನಾ ಜಾಸ್ತಿ ಕುಡಿಯುವವರಾದರೆ ಡಾಕ್ಟರಿಗೆ ಹೇಳಿಯೇ ಬಿಡಬೇಕು. ನಮ್ಮ ಕಡೆ ಗಂಡಸರಿಗೆ ಇದನ್ನು ಹೇಳುವವರು ಕಡಿಮೆ, ಅದಕ್ಕೇ ಬರೆದೆ.

ರಿಪೋರ್ಟಿನಲ್ಲಿ ಎಎಚ್‌ಐ ಅಂತ ಇರುತ್ತದೆ, ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ತೀರಾ ಕಡಿಮೆಯಾಯಿತು ಅಂತ. 5ರ ಒಳಗೆ ಸರಿ, 15ರವರೆಗೆ ಸೌಮ್ಯ, 30ರವರೆಗೆ ಮಧ್ಯಮ, ಆಮೇಲೆ ತೀವ್ರ. ನನ್ನದು 42 ಇತ್ತು. ಸಿಪ್ಯಾಪ್ ಮೆಷಿನ್ ಕೊಟ್ಟರು. ಅದು ಆಕ್ಸಿಜನ್ ಅಲ್ಲ, ರೂಮಿನ ಗಾಳಿಯನ್ನೇ ಒತ್ತಡದಲ್ಲಿ ಬಿಟ್ಟು ಗಂಟಲು ಮುಚ್ಚದ ಹಾಗೆ ನೋಡಿಕೊಳ್ಳುತ್ತದೆ. ಮಾಸ್ಕ್ ಮೊದಮೊದಲು ಕಿರಿಕಿರಿ. ನಾನು ಸಂಜೆ ಟಿವಿ ನೋಡುತ್ತಾ ಹಾಕಿಕೊಂಡು ಅಭ್ಯಾಸ ಮಾಡಿದೆ. ಆಪರೇಷನ್ ದಿನ ನನ್ನದೇ ಮೆಷಿನ್, ನನ್ನದೇ ಮಾಸ್ಕ್ ಆಸ್ಪತ್ರೆಗೆ ತೆಗೆದುಕೊಂಡು ಹೋದೆ. ಅಲ್ಲಿಯ ಮಾಸ್ಕ್ ನಮ್ಮ ಮುಖಕ್ಕೆ ಸರಿಯಾಗಿ ಕೂರುತ್ತದೆ ಅನ್ನುವ ಗ್ಯಾರಂಟಿ ಇಲ್ಲ, ಅಲ್ವಾ?

ಭಾಗಮಂಡಲ ಮಳೆ:
ಮೆಷಿನ್ ಬರುವುದೇ ಆದರೆ ಕರೆಂಟ್ ವಿಷಯ ಈಗಲೇ ಯೋಚಿಸಿ. ನಮ್ಮಲ್ಲಿ ಆಟಿ ತಿಂಗಳ ಮಳೆಗೆ ಮರ ಬಿದ್ದು ಲೈನ್ ಹೋದರೆ ಯಾವಾಗ ಬರುತ್ತದೋ ಹೇಳಲಾಗುವುದಿಲ್ಲ. ಅಮ್ಮನ ಮೆಷಿನ್ನನ್ನು ಇನ್ವರ್ಟರ್‌ಗೆ ಹಾಕಿದ್ದೇವೆ. ಬ್ಯಾಟರಿ ತಿನ್ನುವುದು ಮೆಷಿನ್‌ಗಿಂತ ಅದರ ನೀರು ಬಿಸಿ ಮಾಡುವ ಹ್ಯುಮಿಡಿಫೈಯರ್, ಕರೆಂಟ್ ಹೋದ ರಾತ್ರಿ ಅದನ್ನು ಆಫ್ ಮಾಡಿದರೆ ತುಂಬಾ ಹೊತ್ತು ಬರುತ್ತದೆ.

ಚಳಿಗಾಲದಲ್ಲಿ ಪೈಪ್ ಒಳಗೆ ನೀರು ಕಟ್ಟಿಕೊಂಡು ಗುಳುಗುಳು ಅನ್ನುತ್ತದೆ. ಕೆಟ್ಟುಹೋಗಿದೆ ಅಂತ ಗಾಬರಿ ಆಗಬೇಡಿ. ಪೈಪನ್ನು ರಗ್ಗಿನ ಒಳಗೆ ಎಳೆದುಕೊಂಡು ಮಲಗಿದರೆ ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ತೊಳೆದ ಪೈಪ್ ಒಣಗುವುದೇ ಇಲ್ಲ, ಹಾಗಾಗಿ ನಾವು ಇನ್ನೊಂದು ಪೈಪ್ ಇಟ್ಟುಕೊಂಡು ಬದಲಾಯಿಸುತ್ತೇವೆ. ಅಡುಗೆಮನೆ ಹೊಗೆಯ ಹತ್ತಿರ ಮಾತ್ರ ಒಣಗಿಸಬೇಡಿ. ಮತ್ತೆ, ಮೆಷಿನ್ ಬಾಡಿಗೆಗೂ ಸಿಗುತ್ತದೆ, ಕೊಳ್ಳುವ ಮುಂಚೆ ವಿಚಾರಿಸಿ.

ಪಾಲಿಬೆಟ್ಟದ ಮಗಳು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಂಕಲ್ ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ, ಸೂಜಿ ಇಲ್ಲ ಅಂದ ಮೇಲೆ ಒಪ್ಪಿಕೊಂಡರು. ಬಿಪಿ ಮಾತ್ರೆಯೂ ಇದೆ ಸಿಸ್ಟರ್, ಅಲ್ಲಿಗೆ ಆರಾಯಿತು. ಒಂದೇ ಹೆದರಿಕೆ: ಟೆಸ್ಟ್‌ಗೆ ಕಾಯುವಷ್ಟರಲ್ಲಿ ಕಲ್ಲಿನ ನೋವು ಜೋರಾದರೆ ಏನು ಮಾಡುವುದು?

ರಿಕವರಿ ಸಿಸ್ಟರ್:
ನೋವು ಇಳಿಯದೇ ಇದ್ದರೆ, ಜ್ವರ ಚಳಿ ಬಂದರೆ, ಕಣ್ಣು ಹಳದಿ ಆದರೆ ಒಂದು ಕ್ಷಣವೂ ಕಾಯಬೇಡಿ. ಮೊದಲು ಹತ್ತಿರದ ಆಸ್ಪತ್ರೆಗೆ ಹೋಗಿ, ಮೈಸೂರಿನ ದಾರಿ ಆಮೇಲೆ. ತುರ್ತು ಆಪರೇಷನ್‌ಗೆ ಸ್ಲೀಪ್ ಸ್ಟಡಿ ಆಗಲಿ ಅಂತ ಯಾರೂ ನಿಲ್ಲಿಸುವುದಿಲ್ಲ. ನಿದ್ದೆಯಲ್ಲಿ ಉಸಿರು ನಿಲ್ಲುತ್ತದೆ, ಕತ್ತು 44, ಬಿಪಿ ಇದೆ ಅಂತ ಬಾಗಿಲಲ್ಲೇ ಹೇಳಿಬಿಡಿ. ಅವರು ನೋವಿನ ಔಷಧಿ ನೋಡಿಕೊಂಡು ಕೊಡುತ್ತಾರೆ, ತಲೆ ಎತ್ತರಿಸಿ ಮಲಗಿಸುತ್ತಾರೆ, ಬೆರಳಿಗೆ ಆಕ್ಸಿಜನ್ ಕ್ಲಿಪ್ ಹಾಕಿ ರಾತ್ರಿ ಜಾಸ್ತಿ ಹೊತ್ತು ನೋಡುತ್ತಾರೆ. ನಿದ್ದೆ ಮಾತ್ರೆ ಮನೆಯಲ್ಲಿ ಇದ್ದರೆ ಡಾಕ್ಟರನ್ನು ಕೇಳದೆ ಕೊಡಬೇಡಿ. ಅರಿವಳಿಕೆ ಡಾಕ್ಟರ್ ಬರೆದ ಚೀಟಿಯ ಫೋಟೋ ನಿಮ್ಮ ಫೋನಿನಲ್ಲೂ ಅಮ್ಮನ ಫೋನಿನಲ್ಲೂ ಇರಲಿ.