ವಿಚೆಕ್ ಮಾದರಿಯಲ್ಲಿ ಹಿಂಡು ಥಟ್ಟನೆ ಚದುರುತ್ತದಾ? ಮಾಡಿ ನೋಡಿದವರ ಅನುಭವ

ಪ್ರಶ್ನೆ: ಹಕ್ಕಿಗಳ ಹಿಂಡಿನ ಹಾಗೆ ಕಣಗಳು ಒಟ್ಟಿಗೆ ಸಾಗುವ ವಿಚೆಕ್ ಮಾದರಿಯನ್ನು ಪೈಥಾನ್‌ನಲ್ಲಿ ಬರೆದಿದ್ದೇನೆ. 300 ಕಣ. ಪ್ರತಿ ಹೆಜ್ಜೆಯಲ್ಲೂ ಕಣ ತನ್ನ ನೆರೆಯ ಕಣಗಳ ಸರಾಸರಿ ದಿಕ್ಕು ಹಿಡಿಯುತ್ತದೆ, ಅದಕ್ಕೆ ಸ್ವಲ್ಪ ರ್ಯಾಂಡಮ್ ತಪ್ಪು (ನಾಯ್ಸ್) ಸೇರುತ್ತದೆ. ನಾಯ್ಸ್ ಹೆಚ್ಚಿಸಿದರೆ ಹಿಂಡು ನಿಧಾನವಾಗಿ ಚದುರುತ್ತದೆ. ಆದರೆ ಇದು ಥಟ್ಟನೆ ಆಗಬೇಕು ಅಂತ ಓದಿದ್ದೆ. ಕೋಡ್ ತಪ್ಪಾ? ಮಾಡಿ ನೋಡಿದವರು ಹೇಳ್ತೀರಾ?

ಉತ್ತರ: ಕೋಡ್ ತಪ್ಪಿರಲಿಕ್ಕಿಲ್ಲ, ಕಣಗಳು ಓಡಾಡುವ ಪೆಟ್ಟಿಗೆ ಸಣ್ಣದಾಯಿತು. ವಿಚೆಕ್ ಮತ್ತು ಜೊತೆಗಾರರು 1995ರಲ್ಲಿ ಕಂಡದ್ದೂ ಇದನ್ನೇ. 10,000 ಕಣಗಳವರೆಗೆ ಹೋದರೂ ಅವರಿಗೆ ಬದಲಾವಣೆ ನಯವಾಗಿಯೇ ಕಂಡಿತ್ತು. 2004ರಲ್ಲಿ ಗ್ರೆಗ್ವಾರ್ ಮತ್ತು ಶಾಟೆ ಇನ್ನೂ ದೊಡ್ಡ ಪೆಟ್ಟಿಗೆ ತೆಗೆದುಕೊಂಡಾಗ ಜಿಗಿತ ಕಾಣಿಸಿತು.

ನನಗೂ ಹೀಗೇ ಆಗಿತ್ತು. ಪೆಟ್ಟಿಗೆ ದೊಡ್ಡದು ಮಾಡಿದ ಮೇಲೆ, ಒಂದೇ ನಾಯ್ಸ್‌ನಲ್ಲಿ ಆರ್ಡರ್ ಪ್ಯಾರಾಮೀಟರ್ (ಎಲ್ಲ ಕಣ ಒಂದೇ ದಿಕ್ಕಿಗಿದ್ದರೆ 1, ದಿಕ್ಕಾಪಾಲಾದರೆ 0ಗೆ ಹತ್ತಿರ ಬರುವ ಅಂಕಿ) ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹಾರತೊಡಗಿತು. ಎರಡು ದಿನ ಬಗ್ ಹುಡುಕಿದೆ. ಕೊನೆಗೆ ಕಣಗಳ ಚಿತ್ರ ಹಾಕಿ ನೋಡಿದರೆ, ಒತ್ತಾದ ಒಂದು ಪಟ್ಟಿ ಅಡ್ಡಲಾಗಿ ನಿಂತು ಅಲೆಯ ಹಾಗೆ ಮುಂದೆ ಸಾಗುತ್ತಿತ್ತು. ಪೆಟ್ಟಿಗೆಯ ಎದುರುಬದುರು ಅಂಚುಗಳು ಕೂಡಿಕೊಂಡಿರುವುದರಿಂದ ಬಲ ಅಂಚಿನಲ್ಲಿ ಮರೆಯಾಗಿ ಎಡದಿಂದ ಬರುತ್ತಿತ್ತು. ಪಟ್ಟಿಯ ಹೊರಗಿನ ಕಣಗಳಿಗೆ ದಿಕ್ಕೇ ಇಲ್ಲ. ಪಟ್ಟಿ ಕಟ್ಟಿಕೊಂಡರೆ ಅಂಕಿ ಮೇಲೆ, ಒಡೆದರೆ ಕೆಳಗೆ. ಸಣ್ಣ ಪೆಟ್ಟಿಗೆಯಲ್ಲಿ ಪಟ್ಟಿಗೆ ಜಾಗವೇ ಸಾಲದು, ಅಲ್ವಾ? ಅದಕ್ಕೇ ನಿಮಗೆ ಎಲ್ಲ ನಯವಾಗಿ ಕಾಣುತ್ತಿದೆ.

ಸುಮ್ನೆ ಸರಾಸರಿ ತೆಗೆಯಬೇಡಿ. ಜಾಸ್ತಿ ಹೊತ್ತು ಓಡಿಸಿ, ಅಂಕಿಗಳ ಹಿಸ್ಟೋಗ್ರಾಮ್ ಹಾಕಿ. ಎರಡು ದಿಬ್ಬ ಕಾಣುತ್ತವಾ ನೋಡಿ, ಕಂಡರೆ ಅದೇ ಜಿಗಿತದ ಗುರುತು. ದೊಡ್ಡ ಕಂಪ್ಯೂಟರ್ ಇಲ್ಲದಿದ್ದರೆ ನಾಯ್ಸನ್ನು ಕೋನಕ್ಕೆ ಸೇರಿಸಬೇಡಿ. ನೆರೆಯ ಕಣಗಳ ದಿಕ್ಕು ಕೂಡಿಸುವಾಗಲೇ, ಅವುಗಳ ಸಂಖ್ಯೆಗೆ ತಕ್ಕಷ್ಟು ಉದ್ದದ ಒಂದು ರ್ಯಾಂಡಮ್ ವೆಕ್ಟರ್ ಸೇರಿಸಿ. ಆಗ ಜಿಗಿತ ಎಷ್ಟೋ ಸಣ್ಣ ಪೆಟ್ಟಿಗೆಯಲ್ಲೇ ಸಿಗುತ್ತದೆ.

ಇನ್ನೊಬ್ಬರು: ಮೇಲಿನ ಮಾತು ಸರಿ. ಆದರೂ ಕೋನದ ಸರಾಸರಿ ಒಮ್ಮೆ ನೋಡಿಬಿಡಿ. ಒಂದು ಕಣ 359 ಡಿಗ್ರಿಗೆ, ಇನ್ನೊಂದು 1 ಡಿಗ್ರಿಗೆ ಹೊರಟಿದೆ ಅಂದುಕೊಳ್ಳಿ. ಎರಡೂ ಹೆಚ್ಚುಕಡಿಮೆ ಒಂದೇ ಕಡೆ. ಕೂಡಿಸಿ ಎರಡರಿಂದ ಭಾಗಿಸಿದರೆ 180, ಪೂರ್ತಿ ಹಿಂದಕ್ಕೆ! ಸೈನ್, ಕೊಸೈನ್ ಬೇರೆಬೇರೆ ಕೂಡಿಸಿ, ಆ ಎರಡು ಮೊತ್ತಗಳಿಂದ ಕೋನ ಕೊಡುವ ಆರ್ಕ್‌ಟ್ಯಾನ್2 ಬಳಸಿ. ನನ್ನ ಕೋಡ್‌ನಲ್ಲಿ ಈ ತಪ್ಪಿದ್ದಾಗ ಹಿಂಡು ಎಲ್ಲ ಕಡೆ ಹೋದರೂ ನೇರ ಬಲಕ್ಕೆ ಮಾತ್ರ ಹೋಗುತ್ತಿರಲಿಲ್ಲ. ಅದರಿಂದಲೇ ತಪ್ಪು ಸಿಕ್ಕಿತು.

ಮತ್ತೊಬ್ಬರು: ಪೆಟ್ಟಿಗೆ ದೊಡ್ಡದು ಮಾಡಿದರೆ ಕೋಡ್ ತೆವಳುತ್ತದೆ. 10,000 ಕಣಗಳಲ್ಲಿ ಪ್ರತಿಯೊಂದರಿಂದ ಪ್ರತಿಯೊಂದಕ್ಕೂ ದೂರ ಅಳೆದರೆ ಹೆಜ್ಜೆಗೆ 10 ಕೋಟಿ ಲೆಕ್ಕ. ಪೆಟ್ಟಿಗೆಯನ್ನು ಒಂದು ಕಣ ನೆರೆಯವನ್ನು ಎಷ್ಟು ದೂರದವರೆಗೆ ನೋಡುತ್ತದೋ ಅಷ್ಟೇ ಅಗಲದ ಚೌಕಗಳಾಗಿ ಭಾಗ ಮಾಡಿ. ಕಣದ ಚೌಕ, ಸುತ್ತಲಿನ 8 ಚೌಕ, ಅಷ್ಟು ನೋಡಿದರೆ ಸಾಕು. ಅಂಚಿನ ಚೌಕದ ನೆರೆ ಆಚೆ ಅಂಚಿನಲ್ಲಿರುತ್ತದೆ, ಅದನ್ನು ಮರೆಯಬೇಡಿ.